ಎರಡನೇ ತೋಟಾ ಬರುತ್ತಾ? ದೊಡ್ಡ ಬೇಟೆಯ ಬೋಲ್ಟ್ ರೈಫಲ್ ನೋಡುವ ಬಗೆ

(ಪುಣೆಯಲ್ಲಿ ನಮ್ಮ ಕನ್ನಡದವರ ತಿಂಗಳ ಕೂಟದಲ್ಲಿ ಆಡಿದ ಮಾತು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಅದೂ ಇಂಥ ಮಳೆಯಲ್ಲಿ, ಬಂದೂಕಿನ ಮಾತು ಕೇಳೋಕೆ ಇಷ್ಟು ಜನ ಕೊಥ್ರೂಡ್‌ವರೆಗೆ ಬಂದಿದ್ದೀರಿ, ಸಂತೋಷ. ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆ ಕಲಿಸುವ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಜೊತೆ ನಮ್ಮಲ್ಲಿ ಶಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಶಿಕಾರಿ ನಿಂತಿತು ಅಂತ ರೈಫಲ್‌ಗಳೇನೂ ಕರಗಿ ಹೋಗಲಿಲ್ಲ. ಸಕಲೇಶಪುರದ ಎಸ್ಟೇಟುಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ, ಬೆಳಗಾವಿ ಕಡೆಯ ವಾಡೆಗಳಲ್ಲಿ ಅಜ್ಜಂದಿರ ರೈಫಲ್‌ಗಳು ಇನ್ನೂ ಇವೆ, ಅವರ ಮೊಮ್ಮಕ್ಕಳು ಇಲ್ಲಿ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತಲ್ಲ, ಆಗಿನಿಂದ ನನಗೆ ಫೋನು ಶುರು: "ಅಂಕಲ್, ಮೂರರಲ್ಲಿ ಯಾವುದು ಬಿಡೋದು? ಯಾವುದು ಗಟ್ಟಿ?"

ನಾನು ಬಂದೂಕು ಮಾಡುವವನಲ್ಲ. ಪಿಂಪ್ರಿ-ಚಿಂಚವಡದ ಟೂಲ್‌ರೂಮು, ಇನ್‌ಸ್ಪೆಕ್ಷನ್ ಟೇಬಲ್ಲುಗಳಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು, ಜೊತೆಗೆ ಬಾಲೇವಾಡಿ ರೇಂಜಿನಲ್ಲಿ ಗುರಿ ಹೊಡೆಯುವ ಹುಚ್ಚು. ಹಾಗಾಗಿ ನನಗೆ ರೈಫಲ್ ಅಂದರೆ ಮೊದಲು ಒಂದು ಮಷಿನ್. ಯಾವ ಜಾಗದಲ್ಲಿ ಭಾರ ಬೀಳುತ್ತೆ, ಎಲ್ಲಿ ಸವೆಯುತ್ತೆ, ಸವೆದರೆ ಹೇಗೆ ಗೊತ್ತಾಗುತ್ತೆ, ಇಷ್ಟೇ ನಾನು ನೋಡುವುದು.

ಜನ ಸಾಮಾನ್ಯವಾಗಿ ನೋಡುವುದು ಬೇರೆ. ಮೊದಲು ಹೆಸರು ಓದುತ್ತಾರೆ. ಆಮೇಲೆ ಹೊಳಪು ನೋಡುತ್ತಾರೆ. ಸ್ವಲ್ಪ ತಿಳಿದವರಾದರೆ ಕಾಗದದ ಗುರಿಯ ಮೇಲೆ ಮೂರು ಗುಂಡು ಎಷ್ಟು ಹತ್ತಿರ ಬಿದ್ದವು ಅಂತ ಕೇಳುತ್ತಾರೆ. ಮೂರೂ ತಪ್ಪಲ್ಲ, ಆದರೆ ಕಾಡುಕೋಣ, ಆನೆಯಂಥ ಪ್ರಾಣಿಯ ಎದುರು ನಿಲ್ಲಲಿಕ್ಕೆ ಅಂತ ಮಾಡಿದ ರೈಫಲ್ಲಿಗೆ ಇವು ಮುಖ್ಯ ಪ್ರಶ್ನೆಗಳಲ್ಲ. ಐವತ್ತು ಗಜದಲ್ಲಿ ನಿಂತ ಕೋಣಕ್ಕೆ ಅರ್ಧ ಇಂಚಿನ ನಿಖರತೆ ಯಾಕೆ ಬೇಕು ಹೇಳಿ? ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಮೊದಲನೇ ಗುಂಡು ಹಾರಿದ ಮೇಲೆ ಎರಡನೇ ತೋಟಾ ಬರುತ್ತಾ? ಇವತ್ತೂ ಬರಬೇಕು, ಐವತ್ತು ವರ್ಷ ಆದ ಮೇಲೂ ಬರಬೇಕು. ಗುಣಮಟ್ಟ, ಬಾಳಿಕೆ ಎರಡೂ ಅದರಲ್ಲೇ ಬಂತು.

ಈ ಪ್ರಶ್ನೆಗೆ ಗಂಭೀರವಾಗಿ ಉತ್ತರ ಕೊಟ್ಟವನು ಜರ್ಮನಿಯ ಪೌಲ್ ಮೌಸರ್. ಬೋಲ್ಟ್ ಅಂದರೆ ಕೈಯಿಂದ ಹಿಂದೆಮುಂದೆ ಎಳೆದು, ತಿರುಗಿಸಿ ಮುಚ್ಚುವ ಉಕ್ಕಿನ ದಿಂಡು. ಅವನ 1898ರ ಮಾದರಿಯಲ್ಲಿ ಅದರ ಬಲಗಡೆ ಉದ್ದಕ್ಕೂ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದರ ಮುಂತುದಿಯಲ್ಲಿ ಅಗಲವಾದ ಉಗುರು. ಅದೇ ಎಕ್ಸ್‌ಟ್ರಾಕ್ಟರ್. ಬೋಲ್ಟ್ ತಿರುಗಿದರೂ ಇದು ತಿರುಗುವುದಿಲ್ಲ. ತೋಟಾ ಮ್ಯಾಗಜೀನಿನಿಂದ, ಅಂದರೆ ತೋಟಾ ತುಂಬಿಡುವ ಪೆಟ್ಟಿಗೆಯಿಂದ, ಮೇಲೆದ್ದ ಕೂಡಲೇ ಅದರ ತಳದ ಅಂಚು ಈ ಉಗುರಿನ ಕೆಳಗೆ ಬಂದು ಸೇರಿಕೊಳ್ಳುತ್ತದೆ. ಅಲ್ಲಿಂದ ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಹೋಗುವವರೆಗೆ, ಸಿಡಿದು ಹೊರಗೆ ಬೀಳುವವರೆಗೆ ಉಗುರು ಬಿಡುವುದೇ ಇಲ್ಲ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೆ ತಳ್ಳಿ ಹಿಂದಕ್ಕೆ ಎಳೆದರೂ ತೋಟಾ ಜೊತೆಗೇ ಹಿಂದೆ ಬರುತ್ತದೆ, ಹೊರಗೆ ಬೀಳುತ್ತದೆ, ಮತ್ತೆ ಮುಂದಕ್ಕೆ ತಳ್ಳಿದರೆ ಹೊಸದು. ಒಂದರ ಹಿಂದೆ ಇನ್ನೊಂದು ಹೋಗಿ ಸಿಕ್ಕಿಹಾಕಿಕೊಳ್ಳುವ ಗೊಂದಲ ಇಲ್ಲ. ಇದಕ್ಕೆ ಕಂಟ್ರೋಲ್ಡ್ ಫೀಡ್ ಅನ್ನುತ್ತಾರೆ. ರಿಗ್ಬಿ ಕಂಪನಿಯ .275 ಇರಲಿ, .416 ಇರಲಿ (ತೋಟಾದ ಅಳತೆಯ ಹೆಸರುಗಳು ಇವು), ಒಳಗಿರುವುದು ಮೌಸರ್ ಆ್ಯಕ್ಷನ್ನೇ, ಅಂದರೆ ತೋಟಾ ಆಡಿಸುವ ಯಂತ್ರ. ಮೇಲಿನ ಹೆಸರು ಲಂಡನ್ನಿನದು, ಹೊಟ್ಟೆ ಜರ್ಮನಿಯದು.

ನಮ್ಮ ಹುಬ್ಬಳ್ಳಿಯ ಅಕ್ಕ ಒಬ್ಬರು ಇಲ್ಲೇ ಕೇಳಿದರು: "ಹಂಗಾದ್ರ ಈಗಿನ ಹೊಸ ರೈಫಲ್ ಎಲ್ಲಾ ಕಳಪೆ ಅಂತೀರೇನ್ರೀ?" ಇಲ್ಲ ಅಕ್ಕ. 1962ರಲ್ಲಿ ಬಂದ ರೆಮಿಂಗ್ಟನ್ 700 ಪುಶ್ ಫೀಡ್. ಅಲ್ಲಿ ಬೋಲ್ಟ್ ತೋಟಾವನ್ನು ಸುಮ್ನೆ ಮುಂದಕ್ಕೆ ನೂಕುತ್ತದೆ, ಚೇಂಬರಿನೊಳಗೆ ಹೋದ ಮೇಲೇ ಹಿಡಿಯುತ್ತದೆ. ಆದರೆ ಬೋಲ್ಟಿನ ಮುಖ ತೋಟಾದ ತಳವನ್ನು ಸುತ್ತಲೂ ಉಕ್ಕಿನಿಂದ ಮುಚ್ಚುತ್ತದೆ, ತೋಟಾ ಒಡೆದರೆ ಗ್ಯಾಸ್ ತಡೆಯೋಕೆ ಅದು ಬಹಳ ಒಳ್ಳೆಯದು. ನಿಖರತೆಯೂ ಚೆನ್ನಾಗಿರುತ್ತದೆ, ಖರ್ಚೂ ಕಡಿಮೆ. ಜಿಂಕೆ ಬೇಟೆಗೆ, ರೇಂಜಿಗೆ ಇದು ಧಾರಾಳ ಸಾಕು. ದೊಡ್ಡ ಪ್ರಾಣಿಯ ಮಾತು ಬಂದಾಗ ಮಾತ್ರ ನನ್ನ ಓಟು ಉಗುರಿಗೆ. ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ಕತೆ ನೋಡಿ. 1936ರಲ್ಲಿ ಉಗುರಿನೊಂದಿಗೇ ಬಂತು. 1964ರಲ್ಲಿ ಖರ್ಚು ಉಳಿಸೋಕೆ ಅದನ್ನು ತೆಗೆದರು. ಗಿರಾಕಿಗಳು ಮುನಿಸಿಕೊಂಡು ಹಳೆಯದಕ್ಕೇ ಜಾಸ್ತಿ ದುಡ್ಡು ಕೊಡಲು ಶುರು ಮಾಡಿದರು, ಕೊನೆಗೆ 90ರ ದಶಕದಲ್ಲಿ ಕಂಪನಿಯೇ ಉಗುರನ್ನು ವಾಪಸ್ ತಂದಿತು.

ಪರೀಕ್ಷೆ ಮಾಡುವುದು ಹೇಗೆ? ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೇ ಮಾಡಿ, ಚೇಂಬರು, ಮ್ಯಾಗಜೀನು ಎರಡೂ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿಕೊಳ್ಳಿ. ಆಮೇಲೆ ಅದೇ ಅಳತೆಯ ಡಮ್ಮಿ, ಅಂದರೆ ಮದ್ದಿಲ್ಲದ ತೋಟಾ ತುಂಬಿ ಬೋಲ್ಟ್ ಆಡಿಸಿ. ಒಮ್ಮೆ ನಿಧಾನವಾಗಿ, ತುಂಬಾ ನಿಧಾನವಾಗಿ. ಒಮ್ಮೆ ಸಿಟ್ಟು ಬಂದವರ ಹಾಗೆ. ಒಮ್ಮೆ ರೈಫಲ್ ಅಡ್ಡ ಮಲಗಿಸಿ, ಒಮ್ಮೆ ತಲೆಕೆಳಗೆ ಹಿಡಿದು. ಕೊನೆಯ ತೋಟಾದ ಮೇಲೆ ಜಾಸ್ತಿ ಗಮನ ಇಡಿ, ಸ್ಪ್ರಿಂಗ್ ಸೋತಿದ್ದರೆ ಅಲ್ಲೇ ಗೊತ್ತಾಗುವುದು. ಹೊರಗೆ ಬಿದ್ದ ಡಮ್ಮಿಗಳು ಎಲ್ಲವೂ ಹೆಚ್ಚುಕಡಿಮೆ ಒಂದೇ ಕಡೆ ಬೀಳಬೇಕು. ಒಂದು ಪಕ್ಕದಲ್ಲಿ, ಒಂದು ಕಾಲ ಬುಡದಲ್ಲಿ ಬಿದ್ದರೆ ಎಜೆಕ್ಟರು (ಕೇಸನ್ನು ಹೊರಗೆ ಎಸೆಯುವ ಭಾಗ) ಅಥವಾ ಉಗುರು ದಣಿದಿದೆ. ಉಗುರಿನ ಅಂಚನ್ನು ಲೆನ್ಸ್ ಹಿಡಿದು ನೋಡಿ. ಮ್ಯಾಗಜೀನಿಗೆ ಹಾಕದೆ ನೇರವಾಗಿ ಚೇಂಬರಿಗೇ ತೋಟಾ ಬಿಟ್ಟು ಬೋಲ್ಟ್ ಒತ್ತುವ ಅಭ್ಯಾಸದವರ ಕೈಯಲ್ಲಿ ಇದ್ದ ಹಳೆಯ ಮೌಸರ್‌ಗಳಲ್ಲಿ ಆ ಅಂಚು ಚಕ್ಕೆ ಎದ್ದಿರುತ್ತದೆ.

ಬೋಲ್ಟ್ ಹಿಂದಕ್ಕೆ ಎಳೆದಾಗ ಅಲುಗಾಡುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಮೌಸರ್ ಅಲುಗಾಡುತ್ತದೆ. ಅದು ದೋಷ ಅಲ್ಲ, ಮಣ್ಣು ಧೂಳು ಬಿದ್ದರೂ ಓಡಲಿ ಅಂತ ಬಿಟ್ಟ ಜಾಗ. ಮುಚ್ಚಿದಾಗ ಗಟ್ಟಿ ಕೂತರೆ ಆಯಿತು.

ಈಗ ನನ್ನ ಇಷ್ಟದ ಜಾಗಕ್ಕೆ ಬರುತ್ತೇನೆ, ಲಗ್. ಬೋಲ್ಟಿನ ಮೂತಿಯಲ್ಲಿ ಎರಡು ಗಟ್ಟಿ ಗುಬುಟು ಇರುತ್ತವೆ, ಬೋಲ್ಟ್ ತಿರುಗಿಸಿ ಇಳಿಸಿದಾಗ ಅವು ರಿಸೀವರಿನೊಳಗಿನ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಮನೆಯೊಳಗಿನ ಸೀಟಿಗೆ ಹೋಗಿ ಒರಗುತ್ತವೆ. .30-06 ತೋಟಾ ಸಿಡಿದಾಗ ಒಳಗೆ ಸುಮಾರು 4,000 ಬಾರ್ ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ನಾಲ್ಕು ಟನ್. ತೋಟಾದ ತಳ ಸುಮಾರು 12 ಮಿಲಿಮೀಟರ್ ಅಗಲ. ಲೆಕ್ಕ ಹಾಕಿದರೆ ಪ್ರತಿ ಸಲ ಕುದುರೆ (ಟ್ರಿಗರ್) ಎಳೆದಾಗಲೂ ಹೆಚ್ಚುಕಡಿಮೆ ನಾಲ್ಕೂವರೆ ಟನ್ ಈ ಎರಡು ಗುಬುಟಿನ ಮೇಲೆ ಬೀಳುತ್ತದೆ. ಎರಡೂ ಸಮನಾಗಿ ಹೊರಬೇಕು. ಟೂಲ್‌ರೂಮಿನಲ್ಲಿ ನಾವು ಡೈ ಕೂರಿಸುವಾಗ ಎಲ್ಲಿ ತಾಗುತ್ತೆ ಅಂತ ನೋಡೋಕೆ ಬ್ಲೂ, ಅಂದರೆ ನೀಲಿ ಬಣ್ಣ ಹಚ್ಚುತ್ತೇವಲ್ಲ, ಇಲ್ಲೂ ಅದೇ. ಲಗ್ಗಿನ ಹಿಂಬದಿ ಎಣ್ಣೆ ಒರೆಸಿ, ತೆಳ್ಳಗೆ ಪ್ರಷ್ಯನ್ ಬ್ಲೂ ಹಚ್ಚಿ, ಬೋಲ್ಟ್ ಹಿಂದಕ್ಕೆ ಒತ್ತಿಕೊಂಡೇ ನಾಲ್ಕೈದು ಸಲ ತಿರುಗಿಸಿ ಹೊರಗೆ ತೆಗೆಯಿರಿ. ಎರಡೂ ಲಗ್ಗಿನಲ್ಲಿ ನೀಲಿ ಅಳಿಸಿ ಉಕ್ಕು ಕಂಡರೆ ಒಳ್ಳೆಯದು. ಒಂದರಲ್ಲಿ ಮಾತ್ರ ಅಳಿಸಿದ್ದರೆ ಆ ರೈಫಲ್ ಇಷ್ಟು ವರ್ಷ ಒಂಟಿ ಕಾಲಲ್ಲಿ ನಿಂತಿದೆ ಅಂತ ಅರ್ಥ. ಬಹಳ ಹೆಸರಾಂತ, ಕನ್ನಡಿಯಂಥ ಪಾಲಿಶ್ ಇರುವ ರೈಫಲ್‌ಗಳಲ್ಲೂ ಹೀಗೆ ಇರುತ್ತದೆ, ಯಾಕಂದ್ರೆ ಇದು ಗಿರಾಕಿಯ ಕಣ್ಣಿಗೆ ಬೀಳುವ ಜಾಗ ಅಲ್ವಲ್ಲ.

ಇನ್ನೊಂದು, ಕೈಗೇ ಗೊತ್ತಾಗುವುದು. ಬೋಲ್ಟ್ ಹಿಡಿ ಎತ್ತುವಾಗ ಶುರುವಿನಲ್ಲೇ ಎಲ್ಲೋ ಗುಣಿಯಿಂದ ಹತ್ತಿ ಬಂದ ಹಾಗೆ ತಡೆ ಸಿಕ್ಕಿದರೆ ಸಂಶಯ ಪಡಿ. ಲಗ್ಗು ಬಡಿದು ಬಡಿದು ರಿಸೀವರಿನ ಸೀಟು ಹಿಂದಕ್ಕೆ ಕುಸಿದಿರಬಹುದು.

ಸೀಟು ಯಾಕೆ ಕುಸಿಯುತ್ತದೆ ಅನ್ನುವುದು ಉಕ್ಕಿನ ಕತೆ. ಹಳೆಯ ಮೌಸರ್ ರಿಸೀವರ್ ಕಡಿಮೆ ಕಾರ್ಬನ್ನಿನ ಉಕ್ಕು, ಮೇಲ್ಮೈ ಮಾತ್ರ ಗಟ್ಟಿ ಮಾಡಿದ್ದು. ಒಳಗೆ ಮೆತ್ತಗಿರುವುದರಿಂದ ಒಮ್ಮೆಲೇ ಒಡೆಯುವುದಿಲ್ಲ, ಬಗ್ಗುತ್ತದೆ. ಕೇಸ್ ಹಾರ್ಡನಿಂಗ್ ಅಂತ ನಮ್ಮ ಭೋಸರಿಯಲ್ಲಿ ದಿನಾ ನಡೆಯುವ ಕೆಲಸವೇ. ಆದರೆ ಆ ಗಟ್ಟಿ ಪದರ ಬಹಳ ತೆಳು. ಯಾರೋ ಬುದ್ಧಿವಂತ ಮೇಸ್ತ್ರಿ "ಸ್ಮೂತ್ ಮಾಡಿಕೊಡುತ್ತೇನೆ" ಅಂತ ಸೀಟನ್ನು ಜಾಸ್ತಿ ಉಜ್ಜಿಬಿಟ್ಟರೆ ಪದರ ಹೋಯಿತು, ಒಳಗಿನ ಮೆತ್ತನೆ ಉಕ್ಕಿಗೆ ಲಗ್ಗು ಹೂತುಕೊಳ್ಳುತ್ತಾ ಹೋಗುತ್ತದೆ.

ಇದರ ಉಲ್ಟಾ ಕತೆ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್‌ನದು, ಕ್ವಾಲಿಟಿ ಕೆಲಸದಲ್ಲಿರುವ ಹುಡುಗರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಅಲ್ಲಿ ಫೋರ್ಜಿಂಗ್ ಕುಲುಮೆಯಲ್ಲಿ ಉಕ್ಕು ಎಷ್ಟು ಕಾದಿದೆ ಅಂತ ನೋಡುತ್ತಿದ್ದದ್ದು ಅನುಭವಿ ಕೆಲಸಗಾರರ ಕಣ್ಣು. ಬಣ್ಣ ನೋಡಿ ಹೇಳುತ್ತಿದ್ದರು. 1917ರಲ್ಲಿ ಕೆಲವು ರಿಸೀವರ್‌ಗಳು ಒಡೆದವು. ತನಿಖೆಗೆ ಬಂದವರು ಪೈರೋಮೀಟರ್ (ಕುಲುಮೆಯ ಶಾಖ ಅಳೆಯುವ ಉಪಕರಣ) ಇಟ್ಟು ನೋಡಿದರೆ, ಮೋಡದ ದಿನಕ್ಕಿಂತ ಪ್ರಖರ ಬಿಸಿಲಿನ ದಿನ "ಸರಿಯಾದ ಬಣ್ಣ" ಬರುವಷ್ಟರಲ್ಲಿ ಉಕ್ಕು 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೆಚ್ಚು ಕಾದಿರುತ್ತಿತ್ತು! ಬೆಳಕಿನಲ್ಲಿ ಕೆಂಪು ಕಡಿಮೆ ಕಾಣುತ್ತದೆ, ಇನ್ನಷ್ಟು ಕಾಯಿಸುತ್ತಾರೆ, ಉಕ್ಕು ಸುಟ್ಟು ಪೆಡಸಾಗುತ್ತದೆ. ಸುತ್ತಿಗೆಯ ಏಟಿಗೇ ಚೂರಾದ ರಿಸೀವರ್‌ಗಳಿದ್ದವು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ನಂಬರಿನ ರೈಫಲ್‌ಗಳನ್ನು ಇವತ್ತಿಗೂ ತಿಳಿದವರು ಹಾರಿಸುವುದಿಲ್ಲ. ಕಷ್ಟ ಏನಂದರೆ ಆ ಕಾಲದ ಎಷ್ಟೋ ಸೈನಿಕ ರೈಫಲ್‌ಗಳಿಗೆ ಆಮೇಲೆ ಚೆಂದದ ಮರ ಹಾಕಿಸಿ ಬೇಟೆಯ ರೈಫಲ್ ಮಾಡಿಕೊಂಡರು. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನಂಬರ್ ಓದಬೇಕು.

"ಎರಕದ ರಿಸೀವರ್ ಅಂದ್ರೆ ಕಡಿಮೆ ದರ್ಜೆ ಅಲ್ವಾ ಸರ್?" ಅಂತ ಒಬ್ಬರು. ಹಾಗೇನಿಲ್ಲ. ರುಗರ್ ಕಂಪನಿ 1968ರ ತನ್ನ ಎಂ77ಗೆ ಇನ್‌ವೆಸ್ಟ್‌ಮೆಂಟ್ ಕಾಸ್ಟಿಂಗ್ (ಮೇಣದ ಅಚ್ಚಿನಿಂದ ಮಾಡುವ ಎರಕ) ರಿಸೀವರ್ ಹಾಕಿತು, ಗಟ್ಟಿತನಕ್ಕೆ ಹೆಸರು ಮಾಡಿತು. ಫೋರ್ಜಿಂಗೋ ಎರಕವೋ ಅನ್ನುವುದಕ್ಕಿಂತ ಹೀಟ್ ಟ್ರೀಟ್‌ಮೆಂಟ್ ಸರಿ ಆಗಿದೆಯಾ ಅನ್ನುವುದು ದೊಡ್ಡದು.

ಇನ್ನು ಹೆಡ್‌ಸ್ಪೇಸ್. ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ತೋಟಾ ಹೋಗಿ ತಡೆಯುವ ಜಾಗಕ್ಕೂ ನಡುವಿನ ಅಳತೆ ಇದು. ಗೋ, ನೋ-ಗೋ ಗೇಜುಗಳಿಂದ ನೋಡುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಕಾಗದದ ದಪ್ಪದಷ್ಟು, ಸುಮಾರು 0.1 ಮಿಲಿಮೀಟರ್. ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಬೆರಳಿನಷ್ಟೇ ಜೋರು ಹಾಕಿ, ತೋಳಿನ ಜೋರು ಹಾಕಿದರೆ ಗೇಜು ಹಾಳು. ಬೋಲ್ಟಿನ ಮೇಲೆ ಇರುವ ನಂಬರೂ ರಿಸೀವರಿನ ನಂಬರೂ ಬೇರೆ ಇದ್ದರಂತೂ ಗೇಜು ಹಾಕದೆ ಮುಂದಕ್ಕೆ ಹೋಗಲೇಬೇಡಿ, ಯಾರದೋ ಬೋಲ್ಟ್ ಯಾರಿಗೋ ಸೇರಿಕೊಂಡಿದೆ.

ಗೇಜಿಗಿಂತ ಚೆನ್ನಾಗಿ ಮಾತಾಡುವುದು ಖಾಲಿ ಕೇಸ್, ಅಂದರೆ ಹಾರಿಸಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಕೊಳವೆ. ಅದೇ ರೈಫಲ್ಲಿನಲ್ಲಿ ಹಾರಿಸಿದ ಕೇಸ್ ಸಿಕ್ಕಿದರೆ ಬಿಡಬೇಡಿ. ತಳದಿಂದ ಒಂದು ಸೆಂಟಿಮೀಟರ್ ಸುಮಾರಿಗೆ ಮೇಲೆ, ಸುತ್ತಲೂ ಒಂದು ಹೊಳೆಯುವ ಉಂಗುರ ಇದೆಯಾ ನೋಡಿ. ಇದ್ದರೆ ಒಂದು ತೆಳು ತಂತಿಯ ತುದಿ ಚೂಪು ಮಾಡಿ, ಕೊಂಚ ಬಗ್ಗಿಸಿ, ಕೇಸಿನ ಒಳಗೆ ಬಿಟ್ಟು ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಅದೇ ಜಾಗದಲ್ಲಿ ತಂತಿ ಟಕ್ ಅಂತ ಒಂದು ಗೀರಿಗೆ ಸಿಕ್ಕಿಕೊಂಡರೆ, ಹಿತ್ತಾಳೆ ಅಲ್ಲಿ ಜಗ್ಗಿ ತೆಳ್ಳಗಾಗಿದೆ. ಇನ್ನೊಂದು ಸಲ ಅದೇ ಕೇಸ್ ತುಂಬಿ ಹಾರಿಸಿದರೆ ತಳ ಕಳಚಿ ಹೊರಗೆ ಬರುತ್ತದೆ, ಉಳಿದ ಕೊಳವೆ ಚೇಂಬರಿನಲ್ಲೇ ಕೂರುತ್ತದೆ. ಆಮೇಲೆ ಎರಡನೇ ತೋಟಾ ಎಲ್ಲಿಂದ ಬರಬೇಕು?

ಆಫ್ರಿಕಾ, ಇಂಡಿಯಾದ ಬಿಸಿಲಿಗೆ ಅಂತ ಮಾಡಿದ ಹಳೆಯ ತೋಟಾಗಳ ಬುದ್ಧಿವಂತಿಕೆ ಇಲ್ಲಿ ಕಾಣುತ್ತದೆ. ಬಿಸಿ ಏರಿದರೆ ಮದ್ದಿನ ಒತ್ತಡವೂ ಏರುತ್ತದೆ, ಕೇಸ್ ಚೇಂಬರಿಗೆ ಅಂಟಿಕೊಳ್ಳುತ್ತದೆ. 1911ರ ರಿಗ್ಬಿ .416 ತೋಟಾವನ್ನು ಬೇಕಂತಲೇ ದೊಡ್ಡ ಕೇಸ್, ಕಡಿಮೆ ಒತ್ತಡ ಅಂತ ಮಾಡಿದರು, ಇವತ್ತಿನ ಮಿತಿಯಲ್ಲೂ ಅದು 3,250 ಬಾರ್ ಮಾತ್ರ. 1912ರ ಹಾಲೆಂಡ್ ಆಂಡ್ ಹಾಲೆಂಡ್ .375 ಮ್ಯಾಗ್ನಮ್ ಕೇಸ್ ಉದ್ದಕ್ಕೂ ಇಳಿಜಾರಾಗಿ ಸಪೂರ ಆಗುತ್ತದೆ, ಒಂಚೂರು ಹಿಂದೆ ಸರಿದರೆ ಸಾಕು, ಗೋಡೆ ಬಿಟ್ಟು ಬರುತ್ತದೆ. ಆದರೆ ಇವು ಉದ್ದ ತೋಟಾಗಳು. ಮಾಮೂಲಿ ಅಳತೆಯ ಮೌಸರಿಗೆ .375 ಕೂರಿಸಬೇಕಾದರೆ ತೋಟಾ ಹತ್ತಿ ಚೇಂಬರಿಗೆ ಹೋಗುವ ಮುಂದಿನ ಏರು, ಅಂದರೆ ಕೆಳಗಿನ ಲಗ್ಗಿನ ಸೀಟಿಗೆ ಬೆನ್ನು ಕೊಡುವ ಉಕ್ಕನ್ನೇ ಕೆತ್ತಬೇಕಾಗುತ್ತದೆ. ಅಂಥ ಕನ್ವರ್ಷನ್ ಸಿಕ್ಕಿದರೆ ಅಲ್ಲಿ ಎಷ್ಟು ಉಕ್ಕು ಉಳಿದಿದೆ ಅಂತ ಬೋಲ್ಟ್ ತೆಗೆದು ಟಾರ್ಚ್ ಬಿಟ್ಟು ನೋಡಿ. ನಾನಾದರೆ ತೆಗೆದುಕೊಳ್ಳುವುದಿಲ್ಲ. ಇದಕ್ಕಂತಲೇ ಉದ್ದ ಮಾಡಿದ ಮ್ಯಾಗ್ನಮ್ ಮೌಸರ್ ಇದೆ, ಝೆಕ್ ದೇಶದ ಬ್ರನೋ ಝಡ್‌ಕೆಕೆ 602 ಇದೆ. ಹೊಳಪಿಲ್ಲದ, ಒರಟು ರೈಫಲ್ ಅದು. ನನಗೆ ಬಹಳ ಇಷ್ಟ.

ನಳಿಗೆಗೆ ಬರೋಣ. ಎಲ್ಲರೂ ಬೆಳಕಿಗೆ ಹಿಡಿದು ಒಳಗೆ ಹೊಳೆಯುತ್ತಾ ಅಂತ ನೋಡುತ್ತಾರೆ. ಹೊಳಪಿನ ಮಧ್ಯೆ ಒಂದು ಕಪ್ಪು ಉಂಗುರದ ನೆರಳು ಕಂಡರೆ ಅದು ಉಬ್ಬು. ಒಳಗೆ ಕೆಸರೋ, ಬಟ್ಟೆಯೋ ಇದ್ದಾಗ ಯಾರೋ ಹಾರಿಸಿದ್ದಾರೆ. ಬಿಗಿಯಾದ ಬಟ್ಟೆ ಸುತ್ತಿದ ರಾಡ್ ನಿಧಾನ ತಳ್ಳಿದರೆ ಆ ಜಾಗದಲ್ಲಿ ಕೈ ತಟ್ಟನೆ ಹಗುರಾಗುತ್ತದೆ. ಮೂತಿಯ ಅಂಚು ನೋಡಿ, ಮೂತಿಯಿಂದಲೇ ರಾಡ್ ತೂರಿಸಿ ತೂರಿಸಿ ಅದು ಮೊಟ್ಟೆಯಾಕಾರ ಆಗಿರುತ್ತದೆ. ಚೇಂಬರಿನ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೀರು (ರೈಫ್ಲಿಂಗ್) ಶುರುವಾಗುವ ಜಾಗ ಬಿಸಿಗೆ ಸುಟ್ಟು ಒಣಗಿದ ಕೆರೆಯಂಗಳದ ಹಾಗೆ ಬಿರಿದಿದ್ದರೆ ಬಹಳ ಹಾರಿಸಿದ ರೈಫಲ್. ಆದರೆ ನಮ್ಮ ಕಡೆಯ ದೊಡ್ಡ ರೈಫಲ್‌ಗಳು ಹಾರಿಸಿ ಸವೆದದ್ದು ಕಡಿಮೆ, ತೊಳೆಯದೆ ಹಾಳಾದದ್ದೇ ಜಾಸ್ತಿ. ಹಳೆಯ ತೋಟಾಗಳ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಕೊಡುವ, ತಳದ ಸಣ್ಣ ಬಟ್ಟಲು) ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು, ಸಿಡಿದ ಮೇಲೆ ಪೊಟ್ಯಾಶಿಯಂ ಕ್ಲೋರೈಡ್ ಉಳಿಯುತ್ತದೆ, ಅಂದರೆ ಉಪ್ಪು. ಅದು ಎಣ್ಣೆಗೆ ಕರಗುವುದಿಲ್ಲ. ಬಿಸಿನೀರು ಬಿಟ್ಟು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಬರೀ ಎಣ್ಣೆ ಹಚ್ಚಿಟ್ಟರೆ ಕೊಂಕಣದ ಗಾಳಿಗೆ, ಮಲೆನಾಡಿನ ಮಳೆಗೆ ಆ ಉಪ್ಪು ನೀರು ಹೀರಿ ಒಳಗೆಲ್ಲ ತುಕ್ಕಿನ ಗುಳಿ.

ಹೊರಗಿನ ತುಕ್ಕು ಮರದ ಅಡಿಯಲ್ಲಿರುತ್ತದೆ. ಮರ ಬಿಚ್ಚಿಸದೆ ಹಳೆಯ ರೈಫಲ್ ಒಪ್ಪಿಕೊಳ್ಳಬೇಡಿ. ಮೇಲೆ ಬೇಕಾದರೆ ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿ-ಕಪ್ಪು ಲೇಪ) ಮಾಡಿಸಿರುತ್ತಾರೆ. ಅಕ್ಷರಗಳ ಅಂಚು ಮೊಂಡಾಗಿದ್ದರೆ, ಸ್ಕ್ರೂ ತೂತಿನ ಸುತ್ತ ತಗ್ಗಾಗಿದ್ದರೆ ಬಫಿಂಗ್ ಚಕ್ರಕ್ಕೆ ಕೊಟ್ಟು ಗುಳಿ ತೆಗೆಸಿದ್ದಾರೆ ಅಂತ ಲೆಕ್ಕ. ಸ್ಕ್ರೂಗಳ ಸೀಳು ಕಿತ್ತುಹೋಗಿದ್ದರೆ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಿಡಿದವರು ಒಳಗೆ ಏನೇನು ಮಾಡಿದ್ದಾರೋ ನೋಡಿ.

ಮರ ಬಿಚ್ಚಿದಾಗಲೇ ಸ್ಟಾಕ್, ಅಂದರೆ ಆ ಮರದ ಭಾಗವನ್ನೂ ನೋಡಿಬಿಡಿ. .375 ಒದೆಯುವ ಜೋರು .30-06ರ ಸುಮಾರು ಎರಡರಷ್ಟು. ಅಷ್ಟನ್ನೂ ಮರಕ್ಕೆ ದಾಟಿಸುವುದು ರಿಸೀವರಿನ ಕೆಳಗಿನ ಒಂದು ಸಣ್ಣ ಉಕ್ಕಿನ ಹಲ್ಲು, ರಿಕಾಯಿಲ್ ಲಗ್. ಅದು ಮರಕ್ಕೆ ಪೂರ್ತಿ ಒರಗಿರಬೇಕು. ಒಳ್ಳೆಯ ದೊಡ್ಡ ರೈಫಲ್ಲಿನಲ್ಲಿ ನಳಿಗೆಯ ಕೆಳಗೂ ಇನ್ನೊಂದು ಹಲ್ಲು ಇರುತ್ತದೆ, ಮರದೊಳಗೆ ಅಡ್ಡಕ್ಕೆ ಉಕ್ಕಿನ ಬೋಲ್ಟ್ ಹಾಕಿರುತ್ತಾರೆ. ರಿಸೀವರಿನ ಬಾಲದ ಹಿಂದೆ, ಹೆಬ್ಬೆರಳು ಕೂರುವ ಜಾಗದಲ್ಲಿ ಮರಕ್ಕೂ ಲೋಹಕ್ಕೂ ನಡುವೆ ಕೂದಲೆಳೆ ಜಾಗ ಇರಬೇಕು. ಮೊದಲ ಬಿರುಕು ಬರುವುದೇ ಅಲ್ಲಿ. ಬಿರುಕಿಗೆ ಮೇಣ, ಪಾಲಿಶ್ ತುಂಬಿ ಮುಚ್ಚಿರುತ್ತಾರೆ, ನಿಮ್ಮ ಬೆರಳಿನ ಉಗುರು ಆಡಿಸಿ ನೋಡಿ. ವಾಲ್‌ನಟ್ ಮರದ ಗೆರೆಗಳು ಎಷ್ಟೇ ಚೆಂದ ಇರಲಿ, ಹಿಡಿಯ ಹತ್ತಿರ ಅವು ನೇರ ಓಡಬೇಕು. ಸುರುಳಿ ಸುರುಳಿ ಚಿತ್ತಾರ ಹಿಂಭಾಗಕ್ಕೆ ಇರಲಿ. ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆ ಒತ್ತಿದರೆ ಗುರಿ ಸರಿಯುತ್ತದೆ, ಅದಕ್ಕೆ ಫೈಬರ್‌ಗ್ಲಾಸ್ ಸ್ಟಾಕ್ ನಿಜವಾಗಲೂ ಒಳ್ಳೆಯದು. ಅಗ್ಗದ ಮೋಲ್ಡೆಡ್ ಪ್ಲಾಸ್ಟಿಕ್ಕು ಬೇರೆ, ಎರಡನ್ನೂ ಒಂದೇ ಅನ್ನಬೇಡಿ.

ಸೇಫ್ಟಿ ಬಗ್ಗೆ ಎರಡೇ ಮಾತು. ಮೌಸರ್‌ನಂಥದ್ದರಲ್ಲಿ ಸೇಫ್ಟಿ ಫೈರಿಂಗ್ ಪಿನ್ನನ್ನೇ (ತೋಟಾದ ತಳಕ್ಕೆ ಬಡಿಯುವ ಮೊಳೆ) ಹಿಡಿದಿಡುತ್ತದೆ, ಅನೇಕ ಹೊಸ ರೈಫಲ್‌ಗಳಲ್ಲಿ ಬರೀ ಟ್ರಿಗರನ್ನು ತಡೆಯುತ್ತದೆ. ಮೊದಲನೆಯದು ಮೇಲು. ಖಾಲಿ ರೈಫಲ್ಲಿನಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ಆಗ ಟಕ್ ಅಂತ ಬಿದ್ದರೆ ಆ ರೈಫಲ್ ಸೀದಾ ರಿಪೇರಿಗೆ. ದೊಡ್ಡ ಕಂಪನಿ ಅಂತ ಪರೀಕ್ಷೆ ಬಿಡಬೇಡಿ, 2014ರಲ್ಲಿ ರೆಮಿಂಗ್ಟನ್ ತನ್ನ ಎಕ್ಸ್-ಮಾರ್ಕ್ ಪ್ರೋ ಟ್ರಿಗರ್ ಇದ್ದ ರೈಫಲ್‌ಗಳನ್ನು ತಾನೇ ವಾಪಸ್ ಕರೆಸಿತ್ತು.

ಮಡಿಕೇರಿಯ ಹುಡುಗ ಒಬ್ಬ ಕೇಳಿದ: "ಅಂಕಲ್, ನಮ್ಮ ಮನೇಲಿ ಇರೋದು ಇಶಾಪುರದ .315. ಅದನ್ನ ಬಿಟ್ಟೇಬಿಟ್ರಲ್ಲ?" ಬಿಟ್ಟಿಲ್ಲ ಮಗಾ. ಇಶಾಪುರ ಅಂದರೆ ಬಂಗಾಳದ ಸರ್ಕಾರಿ ರೈಫಲ್ ಕಾರ್ಖಾನೆ. ಬ್ರಿಟಿಷರು ಸೈನ್ಯದ .303 ತೋಟಾ ಜನರ ಕೈಗೆ ಹೋಗಬಾರದು ಅಂತ ತಡೆದಿದ್ದರಿಂದ ಹುಟ್ಟಿದ ರೈಫಲ್ ಅದು. ಲೀ-ಎನ್‌ಫೀಲ್ಡ್ ಆ್ಯಕ್ಷನ್, ಆಸ್ಟ್ರಿಯಾದ ಹಳೆಯ 8×50 ಮಾನ್‌ಲಿಶರ್ ತೋಟಾ. ಲಗ್ಗು ಹಿಂದೆ ಇರುತ್ತವೆ, ಹಾಗಾಗಿ ಹಾರಿಸಿದಾಗ ಬೋಲ್ಟ್ ಕೊಂಚ ಜಗ್ಗುತ್ತದೆ, ಕೇಸ್‌ಗೆ ಆಯಸ್ಸು ಕಡಿಮೆ. ಆದರೆ ಓಟದಲ್ಲಿ ಅದನ್ನು ಮೀರಿಸುವ ಬೋಲ್ಟ್ ಕಡಿಮೆ, ಒತ್ತಡವೂ ಸಾಧಾರಣ, ಕೊಳೆ ಬಿದ್ದರೂ ನಡೆಯುತ್ತದೆ. ಆನೆಗೆ ಅಂತ ಮಾಡಿದ್ದಲ್ಲ, ಅಷ್ಟೇ. ಬೋಲ್ಟಿನ ತಲೆ ಬೇರೆ ತುಂಡು, ಸ್ಕ್ರೂ ಹಾಗೆ ಬಿಚ್ಚಿ ಬರುತ್ತದೆ. ಅದು ಮೂಲದ್ದೇನಾ, ಮುಚ್ಚಿದಾಗ ಸರಿಯಾಗಿ ಕೂರುತ್ತಾ ಅಂತ ಗೇಜ್ ಹಾಕಿಸು.

ಕೊನೆಗೆ ಒಬ್ಬರು ಹಿರಿಯರು, "ಇಷ್ಟೆಲ್ಲ ನೋಡಿ ತಂದಿಟ್ಟ ಮೇಲೆ ಪುಣೆ ಮಳೆಗಾಲದಲ್ಲಿ ಎಲ್ಲಿಡೋದು?" ಅಂದರು. ಚರ್ಮದ ಚೀಲದಲ್ಲಿ ಮಾತ್ರ ಬೇಡ. ಚರ್ಮ ತೇವ ಹಿಡಿಯುತ್ತದೆ, ಚರ್ಮ ಹದ ಮಾಡಲು ಹಾಕಿದ ಉಪ್ಪು ಉಕ್ಕಿಗೆ ಅಂಟುತ್ತದೆ. ಬೋಲ್ಟ್ ಬೇರೆ ತೆಗೆದು, ಸ್ಪ್ರಿಂಗ್ ಸಡಿಲ ಬಿಟ್ಟು, ಬೀಗ ಹಾಕಿದ ಉಕ್ಕಿನ ಬೀರುವಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಎಣ್ಣೆ ಮರದ ಕಡೆ ಇಳಿಯದ ಹಾಗೆ. ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದಾಗ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಇಡಿ. ಕೈ ಮುಟ್ಟಿದ ಜಾಗ ಅವತ್ತೇ ಒರೆಸಿ, ಬೆವರಿನ ಬೆರಳಚ್ಚು ಜುಲೈ ತಿಂಗಳಲ್ಲಿ ಒಂದೇ ರಾತ್ರಿಗೆ ತುಕ್ಕಾಗಿ ಎದ್ದಿರುತ್ತದೆ.